ಗಾಳಿ ದೋಣಿಯಲ್ಲಿ ಅಪ್ಪನ ಜೊತೆ

ಗುರುವಾರ, ಹನುಮಂತನಗರ

ದೋಣಿ ನಮ್ಮ ಮನೆಗೆ ಆಟೋದಲ್ಲಿ ಬಂತು. ಒಂದು ದೊಡ್ಡ ಚೀಲ, ನಾಲ್ಕು ತುಂಡಾಗಿ ಬಿಚ್ಚಿಟ್ಟ ಎರಡು ಹುಟ್ಟು, ಒಂದು ಕೈಪಂಪು. ಎಲ್ಲ ಸೇರಿ ಹದಿನೈದು ಕಿಲೋ ಚಿಲ್ಲರೆ. ನಾನೊಬ್ಬಳೇ ಹೊತ್ತು ಎರಡು ಮಹಡಿ ಹತ್ತಿದೆ.

ಇದು ಗೆಳತಿಯದು. ಅವಳು ಬೆಂಗಳೂರು ಬಿಟ್ಟು ಹೋಗುತ್ತಿದ್ದಾಳೆ. "ಸೋಮವಾರದವರೆಗೆ ಇಟ್ಕೋ. ಹಿಡಿಸಿದ್ರೆ ದುಡ್ಡು ಕೊಡು, ಇಲ್ಲಾಂದ್ರೆ ದೋಣಿ ಕೊಡು" ಎಂದಳು. ಗಾಳಿ ತುಂಬುವ ಇಬ್ಬರ ಕಯಾಕ್. 312 ಸೆಂಟಿಮೀಟರ್ ಉದ್ದ, 91 ಅಗಲ. 180 ಕಿಲೋ ತಡೆಯುತ್ತದೆ ಎಂದು ಡಬ್ಬದ ಮೇಲಿದೆ.

ನನಗೆ ಇದು ಬೇಕಾಗಿರುವುದು ಅಪ್ಪನಿಗಾಗಿ. ಅಪ್ಪ ಹುಟ್ಟಿ ಬೆಳೆದದ್ದು ತಿರುಮಕೂಡಲು ನರಸೀಪುರದ ಹತ್ತಿರ, ಕಾವೇರಿ ದಡದ ಹಳ್ಳಿಯಲ್ಲಿ. ಹೈಸ್ಕೂಲಿಗೆ ಹರಿಗೋಲಿನಲ್ಲಿ ಹೊಳೆ ದಾಟಿ ಹೋಗುತ್ತಿದ್ದರಂತೆ. ಕೆಲಸಕ್ಕೆಂದು ಬೆಂಗಳೂರಿಗೆ ಬಂದ ಮೇಲೆ ನಲವತ್ತು ವರ್ಷ ಹುಟ್ಟು ಹಿಡಿದಿಲ್ಲ. ಈಗ 66 ವರ್ಷ, ಎಡಗಡೆ ಮಂಡಿ ನೋವು. ಹಾಗಾಗಿ ನನ್ನ ಪರೀಕ್ಷೆಯ ಮೊದಲ ಪ್ರಶ್ನೆ ವೇಗದ್ದಲ್ಲ. ಅಪ್ಪ ಇದರಲ್ಲಿ ಕೂರಬಹುದಾ? ಅದಕ್ಕಿಂತ ಮುಖ್ಯವಾಗಿ, ಕೂತ ಮೇಲೆ ಏಳಬಹುದಾ?

ಮಧ್ಯಾಹ್ನ ಮೂರಕ್ಕೆ ಟೆರೇಸಿನಲ್ಲಿ ಹರಡಿದೆವು. ಅಮ್ಮ ಸಂಡಿಗೆ ಒಣಹಾಕಿದ್ದ ಸೀರೆಯನ್ನು ಒಂದು ಮೂಲೆಗೆ ಎಳೆದುಕೊಂಡು, "ನೀರೇ ಇಲ್ಲದ ಕಡೆ ದೋಣಿ" ಎಂದು ಗೊಣಗಿ ಕೆಳಗೆ ಹೋದರು. ಮೊದಲು ತಳ, ಆಮೇಲೆ ಎರಡು ಬದಿ, ಕೊನೆಗೆ ಸೀಟು. ಕೈಪಂಪಿನಲ್ಲಿ ಹನ್ನೆರಡು ನಿಮಿಷ ಹಿಡಿಯಿತು. ಬದಿಯ ಕೊಳವೆಗಳಿಗೆ ಎರಡು ಮುಚ್ಚಳದ ವಾಲ್ವ್ ಇದೆ. ಮೇಲಿನದನ್ನು ಮಾತ್ರ ತೆಗೆದು ಗಾಳಿ ಹಾಕಿದರೆ ಒಳಗಿನ ಪೊರೆ ಅದನ್ನು ವಾಪಸ್ ಬಿಡುವುದಿಲ್ಲ. ಕೆಳಗಿನದನ್ನೂ ತಿರುಗಿಸಿ ಬಿಚ್ಚಿದರೆ ಗಾಳಿಯೆಲ್ಲ ಒಮ್ಮೆಗೇ ಹೋಗುತ್ತದೆ. ಸರಳವಾದ ಏರ್ಪಾಡು, ನನಗೆ ತುಂಬ ಹಿಡಿಸಿತು.

ಎಷ್ಟು ಬಿಗಿ ಮಾಡಬೇಕು ಎಂಬುದಕ್ಕೆ ಬದಿಯ ಮೇಲೇ ಒಂದು ಅಳತೆಪಟ್ಟಿ ಅಚ್ಚು ಹಾಕಿದ್ದಾರೆ. ಗಾಳಿ ತುಂಬಿದಂತೆ ಪ್ಲಾಸ್ಟಿಕ್ ಹಿಗ್ಗುತ್ತದೆ, ಅಚ್ಚಿನ ಗೆರೆಗಳೂ ದೂರ ಸರಿಯುತ್ತವೆ. ಜೊತೆಗೆ ಕೊಟ್ಟ ಪಟ್ಟಿ ಇಟ್ಟು ಹೋಲಿಸಿ ನೋಡಿದರೆ ಸಾಕು. ಒತ್ತಡ ಒಂದು ಪಿಎಸ್ಐ ಕೂಡ ಬೇಕಿಲ್ಲ. ಕಾರಿನ ಟೈರಿಗೆ 30ರ ಮೇಲೆ ಹಾಕುತ್ತೇವೆ ಅಲ್ವಾ? ಅದಕ್ಕೇ ಇಂಥ ದೋಣಿಯನ್ನು ಪೆಟ್ರೋಲ್ ಬಂಕಿಗೆ ಒಯ್ದು ಗಾಳಿ ಹಿಡಿಸಲೇಬಾರದು. ಹೊಲಿಗೆಯಂತಿರುವ ಅದರ ಬೆಸುಗೆ ಒಂದೇ ಏಟಿಗೆ ಬಿಟ್ಟುಕೊಳ್ಳುತ್ತದೆ.

ಅಪ್ಪ ಚಪ್ಪಲಿ ಬಿಟ್ಟು ಒಳಗೆ ಕೂತರು. ಕಾಲು ಚಾಚಿದರು. ಟೆರೇಸಿನ ಆಚೆ ನೋಡುತ್ತಾ ಐದು ನಿಮಿಷ ಹಾಗೇ ಇದ್ದರು. ನಾನು ಮಾತಾಡಿಸಲಿಲ್ಲ.

ಶುಕ್ರವಾರ

ಬೆಳಗ್ಗೆ ಆರಕ್ಕೆ ಮೇಲೆ ಹೋಗಿ ಬದಿ ಒತ್ತಿದರೆ ಮೆತ್ತಗಿದೆ. ಹಿಂದಿನ ದಿನ ಕಲ್ಲಿನ ಹಾಗಿತ್ತು. ಎಲ್ಲೋ ತೂತು ಎಂದುಕೊಂಡೆ. ಸೋಪಿನ ನೀರು ಕಲಸಿ ಬಟ್ಟೆಯಲ್ಲಿ ಇಡೀ ದೋಣಿಗೆ ಸವರಿದೆ. ಎಲ್ಲೂ ಗುಳ್ಳೆ ಏಳಲಿಲ್ಲ.

ಒಂಬತ್ತೂವರೆಗೆ ಬಿಸಿಲು ಬಂದಾಗ ಮತ್ತೆ ಒತ್ತಿ ನೋಡಿದೆ. ಪಂಪು ಮುಟ್ಟಿಲ್ಲ, ಆದರೂ ಬಿಗಿ! ಆಗ ಹೊಳೆಯಿತು. ತುಂಬುವಾಗ 32 ಡಿಗ್ರಿ ಇತ್ತು, ಬೆಳಗಿನ ಜಾವ 17ಕ್ಕೆ ಇಳಿದಿತ್ತು. ಬೆಂಗಳೂರಿನಲ್ಲಿ ನಮ್ಮ ಸುತ್ತ ಇರುವ ಗಾಳಿಯ ಒತ್ತಡವೇ ಸುಮಾರು 13 ಪಿಎಸ್ಐ. ದೋಣಿಯೊಳಗೆ ನಾವು ಜಾಸ್ತಿ ಸೇರಿಸಿರುವುದು ಅದರ ಮೇಲೆ ಒಂದಕ್ಕಿಂತ ಕಡಿಮೆ. 15 ಡಿಗ್ರಿ ತಣ್ಣಗಾದರೆ ಒಳಗಿನ ಒಟ್ಟು ಒತ್ತಡ ನೂರಕ್ಕೆ ಐದರಷ್ಟು ಇಳಿಯುತ್ತದೆ. ಅಂದರೆ ಅರ್ಧ ಪಿಎಸ್ಐಗಿಂತ ಜಾಸ್ತಿ. ನಾವು ಸೇರಿಸಿದ್ದರಲ್ಲಿ ಬಹುಪಾಲು ಅಷ್ಟರಲ್ಲೇ ಹೋಯಿತು. ಹಳೆಯ ದೋಣಿ ಕೊಳ್ಳುವವರು ಇದನ್ನು ತಿಳಿದಿರಬೇಕು. ಇಲ್ಲದಿದ್ದರೆ ಒಳ್ಳೆಯ ದೋಣಿಯನ್ನು ತೂತಿನ ದೋಣಿ ಎಂದು ವಾಪಸ್ ಕಳಿಸಿಬಿಡುತ್ತಾರೆ. ಬಿಸಿಲಿನಲ್ಲಿ ತುಂಬಿ ತಣ್ಣೀರಿಗೆ ಇಳಿಸಿದಾಗಲೂ ಹೀಗೇ ಸಡಿಲವಾಗುತ್ತದೆ, ಇನ್ನೊಂದು ಹತ್ತು ಸಲ ಪಂಪು ಒತ್ತಬೇಕು. ತುಂಬಿದ ದೋಣಿಯನ್ನು ಬಿಸಿಲಿನ ದಡದಲ್ಲಿ ಬಿಟ್ಟು ಊಟಕ್ಕೆ ಹೋಗುವುದು ಅದಕ್ಕಿಂತ ಅಪಾಯ. ಸ್ವಲ್ಪ ಗಾಳಿ ಬಿಟ್ಟೇ ಹೋಗಬೇಕು.

ನೀರಿಗೆ ಎಲ್ಲಿ ಇಳಿಸುವುದು ಎಂಬುದೇ ಬೆಂಗಳೂರಿನವರ ದೊಡ್ಡ ಕಷ್ಟ. ಕೆರೆಗಳ ಊರು ಇದು, ಹೆಸರು ಹೇಳುತ್ತಾ ಹೋದರೆ ಮುಗಿಯುವುದಿಲ್ಲ. ಆದರೆ ಮನೆ ಹತ್ತಿರದ ಕೆರೆಯ ಕಾವಲಿನವರನ್ನು ಕೇಳಿದಾಗ ಅವರು ತಲೆ ಅಲ್ಲಾಡಿಸಿದರು. ಸ್ವಂತ ದೋಣಿ ಇಳಿಸುವ ಹಾಗಿಲ್ಲ. ಬಿಟ್ಟರೂ ಆ ನೀರಿಗೆ ಅಪ್ಪನನ್ನು ಕರೆದೊಯ್ಯಲು ನನಗೆ ಮನಸ್ಸಿಲ್ಲ. ಹತ್ತಿರದ ಮಂಚನಬೆಲೆ ಜಲಾಶಯ ಈಜಲು ಹೋಗಿ ಮುಳುಗಿದವರ ಸುದ್ದಿಯಿಂದಲೇ ಪೇಪರಿನಲ್ಲಿ ಬರುತ್ತಿರುತ್ತದೆ. ಹಾಗಾಗಿ ಕಣ್ವ ಎಂದು ನಿಶ್ಚಯಿಸಿದೆವು. ಚನ್ನಪಟ್ಟಣ ತಾಲೂಕಿನಲ್ಲಿ, 1946ರಲ್ಲಿ ಕಟ್ಟಿದ ಜಲಾಶಯ. ಹಿನ್ನೀರಿನ ಪಕ್ಕದ ಹಳ್ಳಿಯಲ್ಲಿ ನಮ್ಮ ಚಿಕ್ಕಪ್ಪನ ತೋಟ ಇದೆ. ಕೇಳಬೇಕಾದವರನ್ನು ಅವರು ಮೊದಲೇ ಕೇಳಿ ಒಪ್ಪಿಸಿದ್ದರು.

ಸಂಜೆ ಹೊರಟೆವು. ಎಕ್ಸ್‌ಪ್ರೆಸ್‌ವೇ ಹಿಡಿದರೆ ಬಿಡದಿ, ರಾಮನಗರ ಎರಡೂ ಪಕ್ಕಕ್ಕೆ ಉಳಿದುಬಿಡುತ್ತವೆ. ನಾವು ಹಳೆಯ ರಸ್ತೆಯಲ್ಲೇ ಹೋದೆವು. ಬಿಡದಿಯಲ್ಲಿ ತಟ್ಟೆ ಇಡ್ಲಿ ತಿನ್ನದೆ ಅಪ್ಪ ಮುಂದೆ ಬರುವವರಲ್ಲ.

ಶನಿವಾರ, ಕಣ್ವ

ಆರೂಮುಕ್ಕಾಲಿಗೆ ನೀರಿನ ಹತ್ತಿರ ಇದ್ದೆವು. ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ. ದೂರದಲ್ಲಿ ಇಬ್ಬರು ಮೀನಿನವರು ತೆಪ್ಪದಲ್ಲಿ ಬಲೆ ಎತ್ತುತ್ತಿದ್ದರು.

ಇಬ್ಬರೂ ಲೈಫ್ ಜಾಕೆಟ್ ಹಾಕಿದೆವು. ಗೆಳತಿ ಕೊಟ್ಟಿದ್ದ ಜಾಕೆಟ್ಟುಗಳ ಮೇಲೆ ತೇಲಿಸುವ ಬಲ 50 ನ್ಯೂಟನ್ ಎಂದಿತ್ತು. ಅದು ಈಜು ಬಲ್ಲವರಿಗೆ ತೇಲಲು ನೆರವಾಗುವುದು ಅಷ್ಟೇ. ಪ್ರಜ್ಞೆ ತಪ್ಪಿದವರ ಮುಖವನ್ನು ನೀರಿನಿಂದ ಮೇಲಕ್ಕೆ ತಿರುಗಿಸಬೇಕೆಂದರೆ 100 ನ್ಯೂಟನ್ನಿನದು ಬೇಕು. ಅದಕ್ಕೇ ಅಪ್ಪನಿಗೆ 100ರದ್ದನ್ನು ಬೇರೆ ತಂದಿದ್ದೆ. ಅಪ್ಪನಿಗೆ ಈಜು ಬರುತ್ತದೆ, ಚೆನ್ನಾಗಿಯೇ ಬರುತ್ತದೆ. ಆದರೂ ಈ ವಿಷಯದಲ್ಲಿ ನಾನು ಬಗ್ಗುವವಳಲ್ಲ.

ಅಪ್ಪನಿಗೆ ನೋಟ ಚೆನ್ನಾಗಿ ಸಿಗಲಿ ಎಂದು ಮುಂದೆ ಕೂರಿಸಿದೆ. ಅದು ತಪ್ಪು. ಅಪ್ಪ 72 ಕಿಲೋ, ನಾನು 59. ಮುಂದೆ ಭಾರ ಜಾಸ್ತಿಯಾಗಿ ಮೂತಿ ನೀರಿನಲ್ಲಿ ಇಳಿಯಿತು, ಹಿಂಭಾಗ ಎದ್ದಿತು. ಎರಡು ಸಲ ಹುಟ್ಟು ಹಾಕಿದರೆ ದೋಣಿ ಬಲಕ್ಕೆ, ಇನ್ನೆರಡು ಹಾಕಿದರೆ ಎಡಕ್ಕೆ. ದಡಕ್ಕೆ ಬಂದು ಜಾಗ ಬದಲಿಸಿದೆವು. ಭಾರದವರು ಹಿಂದೆ, ಹಗುರದವರು ಮುಂದೆ. ಮುಂದಿನವರು ತಾಳ ಹಿಡಿಯಬೇಕು, ಹಿಂದಿನವರು ಅದನ್ನು ನೋಡಿಕೊಂಡು ಹುಟ್ಟು ಹಾಕುತ್ತಾ ದಾರಿ ತಿದ್ದಬೇಕು. ತೂಕದ ಮಿತಿ 180 ಎಂದಿದ್ದರೂ ಇಬ್ಬರು ದೊಡ್ಡ ಆಳುಗಳಿಗೆ ಇದು ಆಗದು ಎಂದು ನನ್ನ ಅನಿಸಿಕೆ. ನಮ್ಮಿಬ್ಬರ 131 ಕಿಲೋ, ಮೇಲೆ ನೀರು, ತಿಂಡಿಯ ಚೀಲ, ಇಷ್ಟಕ್ಕೇ ನನ್ನ ಸೀಟಿನ ಬೆನ್ನು ಅಪ್ಪನ ಪಾದಕ್ಕೆ ತಾಗುತ್ತಿತ್ತು. ಮಿತಿ ಮೀರುವ ಮೊದಲು ಜಾಗ ಮುಗಿಯುತ್ತದೆ.

ಹಿಂದೆ ಕೂತರೂ ಅಪ್ಪನ ಕೈ ಹರಿಗೋಲಿನ ಕೈ. ಹರಿಗೋಲಿನಲ್ಲಿ ಹುಟ್ಟನ್ನು ಮುಂದೆ ಚಾಚಿ ನೀರನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತಾರೆ. ದೋಣಿ ದುಂಡಗಿರುವುದರಿಂದ ಅದಕ್ಕೆ ಮೂತಿಯೇ ಇಲ್ಲ, ಎಳೆದ ಕಡೆಗೇ ಹೋಗುತ್ತದೆ. ಇಲ್ಲಿ ಎರಡೂ ಕೊನೆಗೆ ಅಲಗಿರುವ ಹುಟ್ಟು, ಎಡ ಬಲ ಎಡ ಬಲ. ಅಪ್ಪ ಮರೆತು ಒಂದೇ ಕಡೆ ಮೂರು ನಾಲ್ಕು ಸಲ ಎಳೆದುಬಿಡುತ್ತಿದ್ದರು, ನಾವು ಅರ್ಧ ಸುತ್ತು ತಿರುಗುತ್ತಿದ್ದೆವು.

"ಪುಟ್ಟಿ, ನೀನು ಬಾಯಲ್ಲಿ ಹೇಳ್ತಾ ಹೋಗು" ಎಂದರು.

"ಎಡ... ಬಲ... ಎಡ... ಅಪ್ಪಾ, ಬಲ!"

ಕಾಲು ಗಂಟೆಯಲ್ಲಿ ಹೇಳುವುದು ಬೇಕಾಗಲಿಲ್ಲ. ನನ್ನ ಹುಟ್ಟು ನೀರಿಗೆ ಬಿದ್ದ ಸದ್ದಿನ ಜೊತೆಗೇ ಹಿಂದಿನಿಂದ ಇನ್ನೊಂದು ಸದ್ದು ಬರತೊಡಗಿತು. ಆಗ ದೋಣಿ ಹೋದ ರೀತಿಯೇ ಬೇರೆ. ಫೋನಿನಲ್ಲಿ ನೋಡಿದೆ, ಒಂದು ಕಿಲೋಮೀಟರಿಗೆ 15 ನಿಮಿಷ. ನಡೆಯುವ ವೇಗ. ಇಂಥ ದೋಣಿಯಿಂದ ಇದಕ್ಕಿಂತ ಜಾಸ್ತಿ ಕೇಳಬಾರದು.

ಹುಟ್ಟುಗಳ ಬಗ್ಗೆ ಮಾತ್ರ ನನಗೆ ಸಮಾಧಾನವಿಲ್ಲ. 218 ಸೆಂಟಿಮೀಟರ್ ಉದ್ದ. ದೋಣಿ ಇಷ್ಟು ಅಗಲ, ಬದಿಯ ಕೊಳವೆಗಳು ಇಷ್ಟು ದಪ್ಪ ಇರುವಾಗ ಈ ಉದ್ದ ಸಾಲದು. ಪ್ರತಿ ಸಲವೂ ಕೈಗೆಣ್ಣು ಕೊಳವೆಗೆ ಉಜ್ಜುತ್ತಿತ್ತು, ಹುಟ್ಟಿನಿಂದ ಸೋರಿದ ನೀರು ತೊಡೆಯ ಮೇಲೆ ಬೀಳುತ್ತಿತ್ತು. 230ರಿಂದ 240 ಬೇಕು. ಇದನ್ನು ಕೊಳ್ಳುವವರು ಹುಟ್ಟಿನ ದುಡ್ಡನ್ನೂ ಬೇರೆ ಎಣಿಸಿಟ್ಟುಕೊಳ್ಳಲಿ. ಒಳಗೆ ಸೇರಿದ ನೀರು ತಾನಾಗಿ ಹೊರಗೆ ಹೋಗುವುದಿಲ್ಲ, ಒಂದು ದೊಡ್ಡ ಸ್ಪಂಜು ಇಟ್ಟುಕೊಂಡಿರಬೇಕು.

ತಳದ ಹಿಂಭಾಗದಲ್ಲಿ ಸಿಕ್ಕಿಸುವ ಒಂದು ಪ್ಲಾಸ್ಟಿಕ್ ರೆಕ್ಕೆ ಇದೆ, ಅಂಗೈ ಅಗಲದ್ದು. ಅದನ್ನು ತೆಗೆದೂ ನೋಡಿದೆವು. ಹುಟ್ಟು ನಿಲ್ಲಿಸಿದ ಕೂಡಲೇ ದೋಣಿ ಗರಗರ ತಿರುಗಿತು. ಅಪ್ಪನಿಗೆ ಖುಷಿಯೋ ಖುಷಿ. "ಈಗ ನೋಡು, ಇದೂ ಹರಿಗೋಲೇ ಆಯ್ತು!" ರೆಕ್ಕೆ ಮತ್ತೆ ಸಿಕ್ಕಿಸಿದರೆ ನೆಟ್ಟಗೆ ಹೋಗುತ್ತದೆ. ಆದರೆ ಅಂತರಗಂಗೆ ಬೆಳೆದ ಕಡೆ ಬೇರುಗಳೆಲ್ಲ ಅದಕ್ಕೇ ಸುತ್ತಿಕೊಳ್ಳುತ್ತವೆ. ಒಂದು ಕಡೆ ಸಿಕ್ಕಿಕೊಂಡು ಹಿಂದಕ್ಕೆ ಹುಟ್ಟು ಹಾಕಿ ಬಿಡಿಸಿಕೊಂಡೆವು.

ಎದೆಮಟ್ಟದ ನೀರಿಗೆ ಬಂದಾಗ ನಾನು ಬೇಕೆಂದೇ ಬಿದ್ದೆ. ಬಿದ್ದರೆ ಹತ್ತಲು ಆಗುತ್ತದಾ ಎಂಬುದನ್ನು ಆಳವಿಲ್ಲದ ಕಡೆಯೇ ನೋಡಿಕೊಳ್ಳಬೇಕು. ನಾನು ಬಿದ್ದಾಗ ದೋಣಿ ಅಲುಗಾಡಿತು, ಮಗುಚಲಿಲ್ಲ. ಆ ಅಗಲಕ್ಕೆ ಇದೇ ಬೆಲೆ. ಪಕ್ಕದಿಂದ ಹತ್ತಲು ಎರಡು ಸಲ ಆಗಲಿಲ್ಲ, ಜಾಕೆಟ್ಟು ಕೊಳವೆಗೆ ಅಡ್ಡ ಬರುತ್ತದೆ. ಅಪ್ಪ ಆಚೆ ಬದಿಗೆ ವಾಲಿ ಕೂತರು, ನಾನು ಕಾಲು ಬಡಿದು ಹೊಟ್ಟೆಯ ಮೇಲೆ ಜಾರಿ ಒಳಗೆ ಬಿದ್ದೆ. ಅಪ್ಪನ ಕೈಯಲ್ಲಿ ಇದು ಆಗುವುದಿಲ್ಲ. ಅದನ್ನು ಇಬ್ಬರೂ ಒಪ್ಪಿಕೊಂಡೆವು. ಅಂದ ಮೇಲೆ ದಡ ಬಿಟ್ಟು ದೂರ ಹೋಗುವ ದೋಣಿಯಲ್ಲ ಇದು, ನಮ್ಮಿಬ್ಬರಿಗೆ.

ಒಂಬತ್ತೂವರೆಗೆ ಅಪ್ಪ ತಟ್ಟನೆ ಹುಟ್ಟು ನಿಲ್ಲಿಸಿದರು. "ವಾಪಸ್ ಹೋಗೋಣ."

"ಯಾಕೆ? ಸುಸ್ತಾಯ್ತಾ?"

"ಆ ದಡದ ತೆಂಗಿನ ಗರಿ ನೋಡು."

ಗರಿಗಳು ಪಡುವಣ ದಿಕ್ಕಿಗೆ ಬಾಗಿದ್ದವು. ನಾವಿದ್ದ ಕಡೆ ನೀರು ಇನ್ನೂ ಕನ್ನಡಿಯೇ. ಐದೇ ನಿಮಿಷಕ್ಕೆ ಸಣ್ಣ ಅಲೆಗಳು ನಮ್ಮ ಹತ್ತಿರ ಬಂದವು, ಜೊತೆಗೆ ಮೂಡಣ ಗಾಳಿ. ನಮ್ಮ ದಡ ಇದ್ದದ್ದೂ ಮೂಡಣಕ್ಕೆ. ಗಾಳಿ ತುಂಬಿದ ದೋಣಿ ನೀರಿನೊಳಗೆ ಹೆಚ್ಚು ಇಳಿಯುವುದಿಲ್ಲ, ಹಾಯಿಯ ಹಾಗೆ ಮೇಲೆ ಎದ್ದು ಕೂತಿರುತ್ತದೆ. ಎಡ ಬಲ ತಪ್ಪದೆ ಹಾಕಿದರೂ ಅದೇ ಒಂದು ಕಿಲೋಮೀಟರಿಗೆ 27 ನಿಮಿಷ ಹಿಡಿಯಿತು. ಇನ್ನು ಅರ್ಧ ಗಂಟೆ ತಡ ಮಾಡಿದ್ದರೆ ಆಚೆ ದಡಕ್ಕೆ ಹೋಗಿ ಚಿಕ್ಕಪ್ಪನನ್ನು ಕಾರು ತರಲು ಕರೆಯಬೇಕಾಗುತ್ತಿತ್ತು. ಈ ದೋಣಿ ಇಟ್ಟುಕೊಳ್ಳುವವರು ಬೆಳಗ್ಗೆ ಆರೂವರೆಗೆ ನೀರಿಗಿಳಿದು ಹತ್ತರೊಳಗೆ ದಡ ಸೇರಬೇಕು. ಹೋಗುವಾಗ ಗಾಳಿಗೆ ಎದುರಾಗಿ ಹೋಗಿ, ಬರುವಾಗ ಗಾಳಿಯ ಜೊತೆಗೆ ಬರಬೇಕು. ನಾವು ತಿರುವುಮುರುವಾಗಿ ಮಾಡಿದ್ದೆವು.

ಈಗ ಮಂಡಿಯ ವಿಷಯ. ಕೂತಲ್ಲಿಂದ ನೇರ ಏಳಲು ಅಪ್ಪನಿಗೆ ಆಗಲಿಲ್ಲ. ಸೀಟು ನೆಲಕ್ಕೆ ಅಂಟಿಕೊಂಡ ಹಾಗಿದೆ. ಮೂರು ರೀತಿ ನೋಡಿದೆವು. ಕೊನೆಗೆ ಸರಿಹೋದದ್ದು ಇದು: ದೋಣಿಯನ್ನು ಮೊಣಕಾಲಿನಷ್ಟು ನೀರಿನಲ್ಲೇ ನಿಲ್ಲಿಸಬೇಕು, ನಾನು ಇಳಿದು ಒಂದು ಬದಿ ಗಟ್ಟಿಯಾಗಿ ಹಿಡಿಯಬೇಕು. ಅಪ್ಪ ಆ ಬದಿಯ ಕೊಳವೆಯ ಮೇಲೆ ಜಗಲಿಯ ಮೇಲೆ ಕೂತ ಹಾಗೆ ಕೂತು, ಎರಡೂ ಕಾಲು ನೀರಿಗೆ ಬಿಟ್ಟು, ನನ್ನ ಹೆಗಲು ಹಿಡಿದು ನಿಲ್ಲಬೇಕು. ನಿಂತರು. ಮೂರು ಸಲ ಮಾಡಿ ನೋಡಿದೆವು, ಮೂರು ಸಲವೂ ನಿಂತರು. ಗಟ್ಟಿ ಪ್ಲಾಸ್ಟಿಕ್ಕಿನ ಕಯಾಕಿನ ಅಂಚಿನ ಮೇಲೆ ಹೀಗೆ ಕೂರಲು ಆಗುವುದಿಲ್ಲ, ಅದು ಮಗುಚುತ್ತದೆ. ನನ್ನ ಮನಸ್ಸಿನಲ್ಲಿ ಈ ದೋಣಿ ಪಾಸಾದದ್ದು ಆ ಹೊತ್ತಿಗೆ.

ದಡಕ್ಕೆ ಎಳೆಯುವಾಗ ಜಾಲಿ ಮುಳ್ಳು ಚುಚ್ಚಿತು. ಎಳೆದದ್ದು ನಮ್ಮ ತಪ್ಪು, ಎತ್ತಬೇಕಿತ್ತು. ಎಡಬದಿಯಿಂದ ಸುಯ್ಯೆಂದು ಸದ್ದು. ಮೂರು ಅರೆಗಳೂ ಬೇರೆ ಬೇರೆ ಇರುವುದರಿಂದ ಉಳಿದವು ಬಿಗಿಯಾಗೇ ಇದ್ದವು. ನೀರಿನ ಮಧ್ಯೆ ಆಗಿದ್ದರೂ ತೇಲುತ್ತಿತ್ತು.

ಅಲ್ಲಿಂದ ಅಪ್ಪನ ಊರಿಗೆ ಹೊರಟು, ಮದ್ದೂರು ದಾಟಿ ಮಳವಳ್ಳಿಯಲ್ಲಿ ಒಂದು ಪಂಕ್ಚರ್ ಅಂಗಡಿ ಕಂಡು ನಿಲ್ಲಿಸಿದೆವು. ಅಂಗಡಿಯ ಹುಡುಗ ಬೆರಳಲ್ಲಿ ಉಜ್ಜಿ ನೋಡಿ, "ಅಕ್ಕಾ, ಇದು ರಬ್ಬರ್ ಅಲ್ಲ, ಪ್ಲಾಸ್ಟಿಕ್ಕು. ನಮ್ ಸಲ್ಯೂಷನ್ ಹಿಡಿಯಲ್ಲ, ನಾಳೆ ಕಿತ್ಕೊಂಡ್ ಬರುತ್ತೆ" ಎಂದ. ಅಂಟಿಸಿ ಐವತ್ತು ರೂಪಾಯಿ ತಗೊಳ್ಳಬಹುದಿತ್ತು, ಅವನು ಹಾಗೆ ಮಾಡಲಿಲ್ಲ. ಸುಮ್ನೆ ತೂತಿನ ಸುತ್ತ ಪೆನ್ನಿನಲ್ಲಿ ಗುರುತು ಹಾಕಿ ಕೊಟ್ಟ, ದುಡ್ಡು ಮುಟ್ಟಲಿಲ್ಲ. ಊರು ಸೇರಿದ ಮೇಲೆ ದೋಣಿಯ ಜೊತೆಗೆ ಬಂದಿದ್ದ ತೇಪೆಯನ್ನು ಅದರದೇ ಅಂಟಿನಲ್ಲಿ ಹಚ್ಚಿ, ಮೇಲೆ ಅಜ್ಜಿಯ ಕಾಲದ ರುಬ್ಬುವ ಗುಂಡು ಹೇರಿ ರಾತ್ರಿಯಿಡೀ ಬಿಟ್ಟೆವು.

ಭಾನುವಾರ, ಹೊಳೆ

ತೇಪೆ ಹಿಡಿದಿತ್ತು.

ನರಸೀಪುರದಲ್ಲಿ ಗುಂಜಾ ನರಸಿಂಹನ ದರ್ಶನ ಮಾಡಿಯೇ ಅಪ್ಪ ಹೊಳೆಗೆ ಬಂದರು. ಕಾಶಿಗಿಂತ ಈ ಕ್ಷೇತ್ರ ಒಂದು ಗುಲಗಂಜಿ ತೂಕ ಜಾಸ್ತಿ ಎಂದು ಊರಿನವರ ನಂಬಿಕೆ. ಕಾವೇರಿ, ಕಪಿಲೆ ಎರಡೂ ಇಲ್ಲೇ ಸೇರುತ್ತವೆ. ನೀರು ಶಾಂತವಾಗಿ ಕಂಡಿತು. ಆದರೆ ಅಪ್ಪ ಮೊದಲು ಹರಿಗೋಲಿನವರ ಹತ್ತಿರ ಹೋಗಿ, "ಅಣ್ಣಾ, ಮೇಲೆ ನೀರು ಬಿಟ್ಟವ್ರಾ?" ಎಂದು ಕೇಳಿದರು. ಕಾವೇರಿಗೆ ಮೇಲೆ ಕೆ.ಆರ್.ಎಸ್. ಇದೆ, ಕಪಿಲೆಗೆ ಕಬಿನಿ ಅಣೆಕಟ್ಟು. ಬಾಗಿಲು ತೆಗೆದರೆ ಮಳೆಯಿಲ್ಲದೆಯೇ ಹೊಳೆ ಏರುತ್ತದೆ. ಇದನ್ನು ಕೇಳದೆ ಯಾರೂ ಇಳಿಯಬಾರದು. ಇಲ್ಲ, ಸಂಗಮದ ಹತ್ತಿರ ಮಾತ್ರ ಹೋಗಬೇಡಿ, ಮಡುವಿದೆ ಎಂದರು ಅವರು.

ಊರ ಮುಂದಿನ ಸ್ನಾನಘಟ್ಟದ ಹತ್ತಿರ, ದಡದ ಪಕ್ಕದಲ್ಲೇ ಹೋದೆವು. ನೀರಿನ ಜೊತೆ ಹೋಗುವಾಗ ಸೊಗಸು. ತಿರುಗಿ ಎದುರು ಹುಟ್ಟು ಹಾಕಿದರೆ ದಡದ ಹುಣಸೆಮರ ಇದ್ದಲ್ಲೇ ಇದೆ. ಹತ್ತು ನಿಮಿಷ ಹಾಕಿ ಒಂದು ಮರ ದಾಟಿದೆವು. ಅಷ್ಟು ಸಾಕಾಯಿತು. ಹೊಳೆಗೆ ಇದು ತಕ್ಕ ದೋಣಿಯಲ್ಲ, ನಿಂತ ನೀರಿನದು. ಇಪ್ಪತ್ತು ನಿಮಿಷದಲ್ಲೇ ಮೇಲೆ ಬಂದೆವು.

ಹರಿಗೋಲಿನವರು ದಡದಲ್ಲಿ ನಿಂತು ನೋಡುತ್ತಿದ್ದರು. ಕೊಳವೆ ಒತ್ತಿ ನೋಡಿದರು. "ಒಂದ್ ಮುಳ್ಳಿಗೆ ಹೋಯ್ತದಲ್ಲ" ಎಂದರು. ನಿಜ. ಆಮೇಲೆ ಅಪ್ಪನ ಕೈಗೆ ತಮ್ಮ ಹುಟ್ಟು ಕೊಟ್ಟರು.

ಅಪ್ಪ ಹರಿಗೋಲು ಹತ್ತಿದರು. ಅವರಿಬ್ಬರೂ ಆಚೆ ದಡದ ಕಡೆ ಹೊರಟರು. ನಾನು ಒದ್ದೆ ದೋಣಿಯ ಮೇಲೆ ಕೂತು ನೋಡುತ್ತಿದ್ದೆ. ನಡು ಹೊಳೆಯಲ್ಲಿ ಅಪ್ಪ ಎದ್ದು ನಿಂತು ಹುಟ್ಟು ಹಾಕುತ್ತಿದ್ದರು. ಆ ಮಂಡಿಯಲ್ಲಿ. ನನಗೆ ಕಣ್ಣು ತುಂಬಿ ಬಂತು.

ಸೋಮವಾರ, ಟೆರೇಸ್

ಒದ್ದೆ ದೋಣಿ ಮಡಿಸಿಟ್ಟರೆ ಬೂಸ್ಟು ಹಿಡಿಯುತ್ತದೆ. ರಾತ್ರಿ ಹನ್ನೊಂದಕ್ಕೆ ಮನೆ ಸೇರಿದರೂ ಮೇಲೆ ಹೊತ್ತು ಹಾಕಿದ್ದೆವು. ಬೆಳಗ್ಗೆ ಅರ್ಧ ಗಾಳಿ ತುಂಬಿ, ಸಂದುಗಳನ್ನೆಲ್ಲ ಹಳೆಯ ಪಂಚೆಯಲ್ಲಿ ಒರೆಸಿ, ನೆರಳಿನಲ್ಲಿ ಒಣಗಿಸಿದೆವು. ತಳದ ಮಡಿಕೆಗಳಲ್ಲಿ ಕಣ್ವದ ಮರಳು, ಹೊಳೆಯ ಮರಳು ಎರಡೂ ಇದ್ದವು. ಒಂದೂವರೆ ಗಂಟೆಯ ಕೆಲಸ. ನೀರಿನಲ್ಲಿ ಮೂರು ಗಂಟೆ ಇದ್ದರೆ ಇಷ್ಟು ಹೊತ್ತು ಇದಕ್ಕೆ ಕೊಡಲೇಬೇಕು.

ಗೆಳತಿಗೆ ಫೋನ್ ಮಾಡಿದೆ. ಮುಳ್ಳು ಚುಚ್ಚಿದ್ದು, ತೇಪೆ ಹಾಕಿದ್ದು ಮೊದಲೇ ಹೇಳಿದೆ. ಅದಕ್ಕೆ ದುಡ್ಡು ಕಡಿಮೆ ಮಾಡುತ್ತೇನೆ ಎಂದಳು. ಬೇಡ ಎಂದೆ, ಮುಳ್ಳು ನಮ್ಮದೇ.

ಫೋನ್ ಇಟ್ಟು ತಿರುಗಿದರೆ ಅಪ್ಪ ಅಡುಗೆಮನೆಯಲ್ಲಿ ಸ್ಟೂಲ್ ಹಾಕಿಕೊಂಡು, ಸಜ್ಜೆಯ ಮೇಲಿನ ಹಿತ್ತಾಳೆ ಕೊಳದಪ್ಪಲೆಗಳನ್ನು ಒಂದೊಂದಾಗಿ ಅಮ್ಮನ ಕೈಗೆ ಇಳಿಸುತ್ತಿದ್ದರು.

"ಆ ಕಡೆ ಚೀಲ ಹಿಡಿಯುತ್ತೆ. ಹುಟ್ಟು ಬಾಗಿಲ ಹಿಂದೆ ಇಡೋಣ" ಎಂದರು. "ಹೊಸದು ತರ್ತೀಯಲ್ಲ, ಅದರ ಅಳತೆ ಎಷ್ಟು ಅಂದೆ?"